ಹಳೇ ರೂಟರ್‌ಗೆ ಓಪನ್‌ಡಬ್ಲ್ಯುಆರ್‌ಟಿ ಹಾಕಲೇ? ಮನೆ ಮಂದಿಗೆ ಇದು ಆಗಿಬರುತ್ತದಾ?

ಹಳೇರೂಟರ್ · ಭಾನುವಾರ, ಬೆಳಿಗ್ಗೆ 10:12

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು.

ನಮ್ಮ ಮನೆಯ ರೂಟರ್‌ಗೆ ಐದು ವರ್ಷ ತುಂಬಿತು. ಗಟ್ಟಿಯಾಗಿಯೇ ಇದೆ. ಆದರೆ ಕಂಪನಿಯಿಂದ ಕೊನೆಯ ಅಪ್‌ಡೇಟ್ ಬಂದು ಮೂರು ವರ್ಷ ಆಯಿತು. ಇನ್ನೊಂದು ತಲೆನೋವೂ ಇದೆ. ಮನೆಯಲ್ಲಿ ಐದು ಜನ. ಯಾರದಾದರೂ ಫೋನ್ ಫೋಟೋಗಳನ್ನು ಕ್ಲೌಡ್‌ಗೆ ಏರಿಸಲು ಶುರು ಮಾಡಿತು ಅಂದರೆ ನನ್ನ ವಿಡಿಯೋ ಕಾಲ್ ಅಲ್ಲೇ ನಿಂತುಬಿಡುತ್ತದೆ. ಎದುರಿಗಿರುವವರು ಬಾಯಿ ತೆರೆದುಕೊಂಡೇ ಇರುತ್ತಾರೆ, ಆಮೇಲೆ ಹತ್ತು ಸೆಕೆಂಡಿನ ಮಾತು ಒಂದೇ ಸಲ ಸುರಿಯುತ್ತದೆ.

ಗೆಳೆಯನೊಬ್ಬ "ಓಪನ್‌ಡಬ್ಲ್ಯುಆರ್‌ಟಿ ಹಾಕು, ಎರಡೂ ಸರಿಹೋಗುತ್ತದೆ" ಅಂದ. ಕಂಪನಿಯ ಫರ್ಮ್‌ವೇರ್ (ರೂಟರ್ ಒಳಗಿನ ತಂತ್ರಾಂಶ) ತೆಗೆದು ಅದರ ಬದಲು ಹಾಕುವ ಉಚಿತ ಫರ್ಮ್‌ವೇರ್ ಅಂತೆ ಅದು. ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿದ್ದೇನೆ, ಅಷ್ಟೇ ನನ್ನ ಅನುಭವ. ಕಪ್ಪು ಪರದೆಯಲ್ಲಿ ಆಜ್ಞೆ ಬರೆದು ಅಭ್ಯಾಸ ಇಲ್ಲ. ನನ್ನಂಥವರಿಗೆ ಇದು ಸರಿಯೇ? ಅಥವಾ ಇರಲಾರದೆ ಇರುವೆ ಬಿಟ್ಟುಕೊಂಡ ಹಾಗೆ ಆಗುತ್ತದಾ?

ಸುಮ್ನಿರಿ · ಬೆಳಿಗ್ಗೆ 10:31

ಇರುವೆಯೇ.

ತಂತಿಪುರಾಣ · ಬೆಳಿಗ್ಗೆ 11:05

ಮೊದಲು ಒಂದು ಸಣ್ಣ ವಿಷಯ. ಆ ಹೆಸರನ್ನು ಪೂರ್ತಿ ಹೇಳುವಷ್ಟರಲ್ಲಿ ನಾಲಿಗೆ ಗಂಟು ಬೀಳುತ್ತದೆ. ನಾವೆಲ್ಲ "ಓಪನ್‌ವರ್ಟ್" ಅನ್ನುತ್ತೇವೆ, ನೀವೂ ಹಾಗೇ ಅನ್ನಿ.

ಆ ಹೆಸರಿನ ಬಾಲಕ್ಕೆ ಒಂದು ಕಥೆ ಇದೆ. 2002ರ ಕೊನೆಯಲ್ಲಿ ಲಿಂಕ್ಸಿಸ್ ಡಬ್ಲ್ಯುಆರ್‌ಟಿ54ಜಿ ಅಂತ ನೀಲಿ-ಕಪ್ಪು ಡಬ್ಬ ಬಂತು. ಅದರೊಳಗೆ ಓಡುತ್ತಿದ್ದದ್ದು ಲಿನಕ್ಸ್ ಅಂತ ಕೆಲವರು ಪತ್ತೆ ಹಚ್ಚಿದರು. ಲಿನಕ್ಸ್ ಹಾಕಿ ಮಾರಿದರೆ ಅದರ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಕೊಡಬೇಕು, ಜಿಪಿಎಲ್ ಪರವಾನಗಿಯ ಷರತ್ತು ಅದು. ಒತ್ತಡ ಜಾಸ್ತಿಯಾದ ಮೇಲೆ 2003ರಲ್ಲಿ ಕೊಟ್ಟರು. ಅದನ್ನು ಹಿಡಿದುಕೊಂಡು 2004ರಲ್ಲಿ ಓಪನ್‌ವರ್ಟ್ ಶುರುವಾಯಿತು. ಡಿಡಿ-ಡಬ್ಲ್ಯುಆರ್‌ಟಿ, ಟೊಮ್ಯಾಟೊ ಅನ್ನುವ ಇಂಥವೇ ಬೇರೆ ಫರ್ಮ್‌ವೇರ್‌ಗಳೂ ಅದೇ ಡಬ್ಬದ ಸುತ್ತ ಬೆಳೆದವು. ಆಮೇಲೆ ಅದೇ ರೂಟರ್‌ನ 5ನೇ ಆವೃತ್ತಿಯಲ್ಲಿ ಲಿನಕ್ಸ್ ತೆಗೆದು ಬೇರೆ ವ್ಯವಸ್ಥೆ ಹಾಕಿದರು, ಫ್ಲ್ಯಾಶ್ (ತಂತ್ರಾಂಶ ಉಳಿಯುವ ಜಾಗ) 2 ಎಂಬಿ, ರ್‍ಯಾಮ್ 8 ಎಂಬಿಗೆ ಇಳಿಸಿದರು. ಲಿನಕ್ಸ್ ಬೇಕು ಅನ್ನುವವರಿಗಾಗಿ 2005ರಲ್ಲಿ ಡಬ್ಲ್ಯುಆರ್‌ಟಿ54ಜಿಎಲ್ ಅಂತ ಬೇರೆಯೇ ಮಾಡಿದರು.

ಈ ಪುರಾಣ ಯಾಕೆ ಹೇಳಿದೆ ಗೊತ್ತಾ? ಹೊರಗಿನಿಂದ ನೋಡಿದರೆ 4ನೇ ಆವೃತ್ತಿಯೂ 5ನೇ ಆವೃತ್ತಿಯೂ ಒಂದೇ. ಒಳಗೆ ಬೇರೆ ಬೇರೆ ಜೀವ. ಇವತ್ತಿಗೂ ಕಥೆ ಅದೇ. ನಿಮ್ಮ ರೂಟರ್ ತಲೆಕೆಳಗೆ ಮಾಡಿ. ಅಂಟಿಸಿದ ಚೀಟಿಯಲ್ಲಿ ಮಾದರಿಯ ಹೆಸರಿನ ಪಕ್ಕ ಸಣ್ಣ ಅಕ್ಷರದಲ್ಲಿ ಒಂದು ಆವೃತ್ತಿ ಸಂಖ್ಯೆ ಇರುತ್ತದೆ. ಅದನ್ನು ಹೇಳದೆ "ಹಾಕಲೇ ಬೇಡವೇ" ಅಂದರೆ ಯಾರೂ ಉತ್ತರ ಕೊಡಲಾರರು. ಒಳಗಿರುವ ಚಿಪ್ ಯಾವುದು, ಫ್ಲ್ಯಾಶ್ ಎಷ್ಟು, ರ್‍ಯಾಮ್ ಎಷ್ಟು ನೋಡಿ ಬನ್ನಿ. ಓಪನ್‌ವರ್ಟ್‌ನ ಯಂತ್ರಗಳ ಪಟ್ಟಿಯಲ್ಲಿ ಎಲ್ಲ ಬರೆದಿರುತ್ತದೆ. 8 ಎಂಬಿ ಫ್ಲ್ಯಾಶ್, 64 ಎಂಬಿ ರ್‍ಯಾಮ್‌ಗಿಂತ ಕಡಿಮೆ ಇದ್ದರೆ ಮಾತು ಇಲ್ಲಿಗೇ ಮುಗಿಯಿತು. 16 ಮತ್ತು 128 ಇದ್ದರೆ ಮುಂದೆ ಮಾತಾಡೋಣ. ಚಿಪ್ ಬ್ರಾಡ್‌ಕಾಮ್‌ನದಾದರೆ ವೈಫೈ ಸರಿಯಾಗಿ ನಡೆಯುವುದು ಕಷ್ಟ. ಮೀಡಿಯಾಟೆಕ್ ಅಥವಾ ಕ್ವಾಲ್‌ಕಾಮ್ ಆದರೆ ಅದೃಷ್ಟ.

ಸುಮ್ನಿರಿ · ಮಧ್ಯಾಹ್ನ 12:20

ಒಂದೇ ಪದದಲ್ಲಿ ಹೇಳಿ ಹೋದದ್ದು ತಪ್ಪಾಯಿತು, ಬಿಡಿಸಿ ಹೇಳುತ್ತೇನೆ.

ತಂತಿಪುರಾಣ ಹೇಳಿದ ಆ ಆವೃತ್ತಿ ಸಂಖ್ಯೆ ಇದೆಯಲ್ಲ, ಅದನ್ನು ನಾನು ನೋಡಿದ್ದೆ. ನೋಡಿಯೂ ತಪ್ಪು ಮಾಡಿದೆ. ನನ್ನದು 3, ಡೌನ್‌ಲೋಡ್ ಮಾಡಿಕೊಂಡ ಕಡತ 2ಕ್ಕೆ. ರಾತ್ರಿ ಹತ್ತೂವರೆ. ಹಳೆಯ ಪುಟ "ಇದು ಸರಿಯಾದ ಕಡತ ಅಲ್ಲ" ಅಂತ ತಡೆಯಿತು. ನಾನು ಜಾಣ, ಕಡತದ ಹೆಸರು ಬದಲಿಸಿ, ಅಡ್ಡದಾರಿ ಹಿಡಿದು ಮತ್ತೆ ತಳ್ಳಿದೆ. ತಗೊಂಡಿತು. ದೀಪಗಳೆಲ್ಲ ಒಮ್ಮೆ ಹತ್ತಿದವು, ಆರಿದವು, ಆಮೇಲೆ ಪವರ್ ದೀಪ ಮಾತ್ರ ಉಳಿಯಿತು. ಮಿನುಗುವುದೂ ಇಲ್ಲ. ಸುಮ್ನೆ ನನ್ನನ್ನೇ ನೋಡುತ್ತಾ ಇತ್ತು.

ಫೋನಿನ ಹಾಟ್‌ಸ್ಪಾಟ್ ಹಚ್ಚಿಕೊಂಡು ಹುಡುಕಿದೆ. ಲ್ಯಾಪ್‌ಟಾಪ್‌ಗೆ 192.168.0.66 ಅಂತ ವಿಳಾಸ ಕೊಡಬೇಕು. ಟಿಎಫ್‌ಟಿಪಿ ಅನ್ನುವ, ಕಡತ ಕಳಿಸುವ ಸರಳ ಸರ್ವರ್ ಓಡಿಸಬೇಕು. ಕಡತಕ್ಕೆ ಇಂಥದ್ದೇ ಹೆಸರು ಇರಬೇಕು. ರೀಸೆಟ್ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಪವರ್ ಹಾಕಬೇಕು. ಗುಂಡಿ ತೂತಿನ ಒಳಗೆ. ಪೆನ್ನಿನ ರೀಫಿಲ್ ತುದಿಯಿಂದ ಒತ್ತಿ, ಇನ್ನೊಂದು ಕೈಯಲ್ಲಿ ಪ್ಲಗ್ ಹಾಕಿ, ಕಣ್ಣು ಪರದೆಯ ಮೇಲೆ. ಹನ್ನೊಂದು ಸಲ ಆಗಲಿಲ್ಲ. ಆಮೇಲೆ ಗೊತ್ತಾಯಿತು, ಲ್ಯಾಪ್‌ಟಾಪಿನ ಫೈರ್‌ವಾಲ್ ಟಿಎಫ್‌ಟಿಪಿಯನ್ನು ತಡೆಯುತ್ತಿತ್ತು. ಅದನ್ನು ಆರಿಸಿದ ಮೇಲೆ ಮೊದಲ ಸಲಕ್ಕೇ ಕಡತ ಎಳೆದುಕೊಂಡಿತು. ಗಂಟೆ ಎರಡು ಮುಕ್ಕಾಲು.

ರೂಟರ್ ಬದುಕಿತು, ಸರಿ. ಬೆಳಿಗ್ಗೆ ಎದ್ದವರಿಗೆ ಇದೆಲ್ಲ ಗೊತ್ತೇ ಇಲ್ಲ. "ನೆಟ್ ಯಾಕೆ ನಿನ್ನೆ ರಾತ್ರಿ ಇರಲಿಲ್ಲ?" ಅಂದರು ಅಷ್ಟೇ. ನಾನು ಹತ್ತು ವರ್ಷದಿಂದ ಕಂಪ್ಯೂಟರ್ ಕೆಲಸದಲ್ಲೇ ಇರುವವನು. ಸಾಮಾನ್ಯ ಬಳಕೆದಾರರು ಅನ್ನುತ್ತೀರಲ್ಲ, ಅವರು ಆ ರಾತ್ರಿ ಏನು ಮಾಡುತ್ತಿದ್ದರು?

ತಂತಿಪುರಾಣ · ಮಧ್ಯಾಹ್ನ 12:41

ತಡೆದರೂ ತಳ್ಳಿದ್ದು ನೀವು 😄

ತಮಾಷೆ ಬಿಡಿ. ಓಪನ್‌ವರ್ಟ್‌ನಿಂದ ಓಪನ್‌ವರ್ಟ್‌ಗೆ ಹೋಗುವಾಗ ಕಡತ ಈ ಯಂತ್ರದ್ದೇ ಅಲ್ಲವೇ ಅಂತ ಅದೇ ನೋಡುತ್ತದೆ. ಅಪಾಯ ಇರುವುದು ಮೊದಲ ಸಲ ದಾಟುವಾಗ. ಒಮ್ಮೆ ದಾಟಿದ ಮೇಲೆ ಸೆಟ್ಟಿಂಗ್ ಏನಾದರೂ ಕೆಡಿಸಿಕೊಂಡರೆ ಫೇಲ್‌ಸೇಫ್ ಅನ್ನುವ ತುರ್ತು ದಾರಿ ಇದೆ. ಶುರುವಾಗುವಾಗ ದೀಪ ಬೇಗ ಬೇಗ ಮಿನುಗುತ್ತದೆ, ಆ ಹೊತ್ತಿಗೆ ಗುಂಡಿ ಒತ್ತಿದರೆ 192.168.1.1ರಲ್ಲಿ ಬೆತ್ತಲೆಯಾಗಿ ಎದ್ದು ನಿಲ್ಲುತ್ತದೆ. ಅಲ್ಲಿಂದ ಸರಿಮಾಡಿಕೊಳ್ಳಬಹುದು.

ಸುಮ್ನಿರಿ · ಮಧ್ಯಾಹ್ನ 12:44

"ದೀಪ ಬೇಗ ಬೇಗ ಮಿನುಗುವಾಗ ಗುಂಡಿ ಒತ್ತಿದರೆ ಬೆತ್ತಲೆಯಾಗಿ ಎದ್ದು ನಿಲ್ಲುತ್ತದೆ." ಈ ವಾಕ್ಯವನ್ನು ನಮ್ಮ ಅತ್ತೆಗೆ ಫೋನಿನಲ್ಲಿ ಹೇಳಿ ನೋಡುತ್ತೇನೆ.

ಪ್ಯಾಕೆಟ್‌ಪಕ್ಕಿ · ಸಂಜೆ 4:02

ಇಬ್ಬರೂ ಹಾಕುವುದು ಹೇಗೆ ಅನ್ನುವುದರ ಮೇಲೆಯೇ ಜಗಳ ಆಡುತ್ತಿದ್ದೀರಿ. ಕೇಳಿದವರ ನೋವು ಬೇರೆ. ವಿಡಿಯೋ ಕಾಲ್ ನಿಲ್ಲುತ್ತದೆ ಅಂದರು, ಅದನ್ನು ನೋಡೋಣ.

ಹಳೇರೂಟರ್, ನೀವು ಹೇಳಿದ ಲಕ್ಷಣಕ್ಕೆ ಹೆಸರು ಇದೆ. ಬಫರ್‌ಬ್ಲೋಟ್. ಜಿಮ್ ಗೆಟಿಸ್ ಅನ್ನುವವರು ತಮ್ಮ ಮನೆಯಲ್ಲೇ ಇದನ್ನು ಅಳೆದು 2010ರ ಹೊತ್ತಿಗೆ ಈ ಹೆಸರು ಕೊಟ್ಟರು. ಆಗುವುದು ಇಷ್ಟು. ನಿಮ್ಮ ಲೈನಿನ ಅಪ್‌ಲೋಡ್ ದಾರಿ ಕಿರಿದು. ಫೋನ್ ಫೋಟೋಗಳನ್ನು ದಬದಬ ಅಂತ ತಳ್ಳುತ್ತದೆ. ಹಿಡಿಯದಷ್ಟು ಬಂದಾಗ ರೂಟರೋ ಮೋಡೆಮ್ಮೋ ಬಿಸಾಡುವ ಬದಲು ಸಾಲಿನಲ್ಲಿ ಇಟ್ಟುಕೊಳ್ಳುತ್ತದೆ. ಮೆಮೊರಿ ಅಗ್ಗ ಆದ ಮೇಲೆ ಆ ಸಾಲು ಉದ್ದವಾಯಿತು. ನಿಮ್ಮ ಮಾತಿನ ಸಣ್ಣ ಪ್ಯಾಕೆಟ್ ಬಂದು ಆ ಉದ್ದ ಸಾಲಿನ ಬಾಲದಲ್ಲಿ ನಿಲ್ಲುತ್ತದೆ. ಮುಂದೆ ಮುನ್ನೂರು ಫೋಟೋ ತುಂಡುಗಳು. ವೇಗ ಕಡಿಮೆ ಆಗಿಲ್ಲ, ಕಾಯುವುದು ಜಾಸ್ತಿ ಆಗಿದೆ. ಅದಕ್ಕೇ ಸ್ಪೀಡ್ ಟೆಸ್ಟ್ ಮಾಡಿದರೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ, ಇನ್ನೂ ದೊಡ್ಡ ಪ್ಲಾನ್ ತಗೊಂಡರೂ ಎಷ್ಟೋ ಸಲ ಹಾಗೆಯೇ ಉಳಿಯುತ್ತದೆ.

ಓಪನ್‌ವರ್ಟ್‌ನಲ್ಲಿ ಎಸ್‌ಕ್ಯೂಎಂ ಅಂತ ಒಂದು ಪ್ಯಾಕೇಜ್ ಇದೆ. ಒಳಗೆ ಎಫ್‌ಕ್ಯೂ-ಕೋಡೆಲ್ ಅಥವಾ ಕೇಕ್ ಅನ್ನುವ ಸಾಲು ನಿಭಾಯಿಸುವ ವಿಧಾನ. ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸದೆ ಒಬ್ಬೊಬ್ಬರಿಗೂ ಬೇರೆ ಸಾಲು ಮಾಡಿ, ಸರದಿ ಪ್ರಕಾರ ಒಂದೊಂದೇ ಬಿಡುತ್ತದೆ. ಯಾರದ್ದು ಸಾಲಿನಲ್ಲಿ ಹಳಸುತ್ತಿದೆಯೋ ಅವರದ್ದನ್ನು ಸ್ವಲ್ಪ ಬೀಳಿಸಿ "ನಿಧಾನ" ಅಂತ ಸುಳಿವು ಕೊಡುತ್ತದೆ. ಹಾಕುವ ಲೆಕ್ಕ ಒಂದೇ, ನಿಮ್ಮ ಲೈನ್ ನಿಜವಾಗಿ ಕೊಡುವ ವೇಗಕ್ಕಿಂತ ಸ್ವಲ್ಪ ಕಡಿಮೆ ಬರೆಯಬೇಕು. ನಾನು 90 ಶೇಕಡಾದಿಂದ ಶುರು ಮಾಡುತ್ತೇನೆ. ಆಗ ಸಾಲು ಮೋಡೆಮ್‌ನಲ್ಲಿ ಕಟ್ಟುವುದಿಲ್ಲ, ರೂಟರ್‌ನಲ್ಲೇ, ನಮ್ಮ ಕೈಯಲ್ಲೇ ಕಟ್ಟುತ್ತದೆ. ಹತ್ತು ಶೇಕಡಾ ವೇಗ ಕೊಟ್ಟು ನೆಮ್ಮದಿ ತಗೊಂಡ ಹಾಗೆ.

ನನ್ನ ಕೇಳಿದರೆ ಓಪನ್‌ವರ್ಟ್ ಹಾಕಿದ್ದು ಮನೆಯವರ ಅರಿವಿಗೆ ಬರುವುದು ಇದೊಂದರಲ್ಲೇ. ಗ್ರಾಫ್, ವಿಎಲ್ಯಾನ್, ಹದಿನೆಂಟು ಬಗೆಯ ಡಿಎನ್‌ಎಸ್, ಇವೆಲ್ಲ ಹಾಕಿದವನ ಖುಷಿಗೆ.

ಈಗ ಒಂದು ಪರೀಕ್ಷೆ ಮಾಡಿ. ತಂತಿಯಿಂದ ಲ್ಯಾಪ್‌ಟಾಪ್ ಸೇರಿಸಿ, ಹೊರಗಿನ ಯಾವುದಾದರೂ ವಿಳಾಸಕ್ಕೆ ಪಿಂಗ್ ಬಿಡಿ (ಸಣ್ಣ ಪ್ಯಾಕೆಟ್ ಹೋಗಿಬರಲು ಎಷ್ಟು ಹೊತ್ತು ಅಂತ ಅಳೆಯುವುದು). ಸುಮ್ಮನಿದ್ದಾಗ ಎಷ್ಟು ಬರೆದುಕೊಳ್ಳಿ. ಆಮೇಲೆ ಒಂದು ದೊಡ್ಡ ಕಡತ ಅಪ್‌ಲೋಡ್‌ಗೆ ಹಾಕಿ, ಅದೇ ಪಿಂಗ್ ನೋಡಿ. ತಂತಿಯಲ್ಲೇ ಮಾಡಿ, ವೈಫೈನಲ್ಲಿ ಬೇಡ. ವೈಫೈ ದುರ್ಬಲವಾಗಿದ್ದರೆ ಅದು ಬೇರೆ ರೋಗ. ಅದಕ್ಕೆ ಫರ್ಮ್‌ವೇರ್ ಮದ್ದಲ್ಲ, ರೂಟರನ್ನು ಬೀರುವಿನ ಹಿಂದಿನಿಂದ ಹೊರಗೆ ತೆಗೆಯುವುದೇ ಮದ್ದು.

ಕಿಟಕಿಪಕ್ಕ · ಸಂಜೆ 4:30

ನಮ್ಮದು ಬೀರುವಿನ ಹಿಂದೆಯೇ ಇದೆ. ನಿಮಗೆ ಹೇಗೆ ಗೊತ್ತಾಯಿತು?

ನೋಡ್ತಾ_ಇರ್ತೀನಿ · ಸಂಜೆ 6:15

ಮೂರು ವರ್ಷದಿಂದ ಅಪ್‌ಡೇಟ್ ಇಲ್ಲ ಅನ್ನುವುದನ್ನು ಎಲ್ಲರೂ ದಾಟಿ ಹೋದಿರಿ. ನನಗೆ ಅದೇ ದೊಡ್ಡದು.

2018ರಲ್ಲಿ ವಿಪಿಎನ್‌ಫಿಲ್ಟರ್ ಅಂತ ಒಂದು ದುಷ್ಟ ತಂತ್ರಾಂಶ ಹೊರಬಿತ್ತು. 54 ದೇಶಗಳಲ್ಲಿ ಕಡಿಮೆ ಅಂದರೂ 5 ಲಕ್ಷ ಯಂತ್ರಗಳಲ್ಲಿ ಸೇರಿಕೊಂಡಿತ್ತು. ಹೆಚ್ಚಿನವು ಮನೆ, ಸಣ್ಣ ಆಫೀಸುಗಳ ರೂಟರ್‌ಗಳು. ಆರಿಸಿ ಹಚ್ಚಿದರೂ ಅದರ ಬೇರು ಹೋಗುತ್ತಿರಲಿಲ್ಲ. ಅದಕ್ಕೂ ಮುಂಚೆ 2017ರ ಅಕ್ಟೋಬರಿನಲ್ಲಿ ವೈಫೈಗೆ ಬೀಗ ಹಾಕುವ ಡಬ್ಲ್ಯುಪಿಎ2 ಪದ್ಧತಿಯಲ್ಲೇ ಕ್ರ್ಯಾಕ್ ಅನ್ನುವ ಲೋಪ ಸಿಕ್ಕಿತು. ಆಗ ಎಲ್‌ಇಡಿಇ ಅನ್ನುವ ಹೆಸರಿನಲ್ಲಿ ನಡೆಯುತ್ತಿದ್ದ ಓಪನ್‌ವರ್ಟ್ ಕವಲಿಗೆ ಕೆಲವೇ ದಿನಗಳಲ್ಲಿ ಪರಿಹಾರ ಬಂತು. ಅಂಗಡಿಯಿಂದ ತಂದು ಹಾಗೇ ಇಟ್ಟ ಎಷ್ಟೋ ಡಬ್ಬಗಳಿಗೆ ಕೊನೆಗೂ ಬರಲಿಲ್ಲ.

ಹಾಗಂತ ಓಪನ್‌ವರ್ಟ್ ಹಾಕಿದ ಕೂಡಲೇ ಭದ್ರ ಅಂತಲ್ಲ. 2024ರ ಡಿಸೆಂಬರಿನಲ್ಲಿ ಅವರದೇ ಅಪ್‌ಗ್ರೇಡ್ ಸೇವೆಯಲ್ಲಿ ತೂತು ಸಿಕ್ಕಿತು. ನಮ್ಮ ಯಂತ್ರಕ್ಕೆ ಬೇಕಾದ ಕಡತವನ್ನು ಅವರ ಸರ್ವರ್ ಕಟ್ಟಿಕೊಡುತ್ತದೆ. ಒಂದೊಂದು ಬೇಡಿಕೆಯನ್ನು ಗುರುತಿಸುವ ಹ್ಯಾಶ್ (ಬೆರಳಚ್ಚಿನಂಥ ಅಕ್ಷರಸಾಲು) 64 ಅಕ್ಷರ ಇರಬೇಕಾದಲ್ಲಿ 12ಕ್ಕೆ ಕತ್ತರಿಸಿದ್ದರು. ಅಷ್ಟು ಚಿಕ್ಕದಾದರೆ ನಕಲಿ ಹುಡುಕಬಹುದು. ಅದರ ಜೊತೆ ಇನ್ನೊಂದು ಲೋಪ ಸೇರಿಸಿದರೆ ಕೇಳಿದವರಿಗೆ ಬೇರೆ ಕಡತ ಕೊಡಬಹುದಿತ್ತು. ತಿಳಿಸಿದ ಕೆಲವೇ ಗಂಟೆಗಳಲ್ಲಿ ಸರಿಮಾಡಿ, ಏನಾಯಿತು ಅಂತ ಎಲ್ಲರೂ ಓದುವಂತೆ ಬರೆದು ಹಾಕಿದರು. ಲೋಪ ಎಲ್ಲರಲ್ಲೂ ಇರುತ್ತದೆ, ನಾನು ನೋಡುವುದು ಅದು ಸಿಕ್ಕಿದ ಮೇಲಿನ ನಡವಳಿಕೆಯನ್ನು.

ಆದರೆ, ಇಲ್ಲೊಂದು ದೊಡ್ಡ ಆದರೆ ಇದೆ. ಓಪನ್‌ವರ್ಟ್ ತಾನಾಗಿಯೇ ಅಪ್‌ಡೇಟ್ ಆಗುವುದಿಲ್ಲ. ಈಗಿನ ಹೊಸ ರೂಟರ್‌ಗಳಲ್ಲಿ ಎಷ್ಟೋ ರಾತ್ರಿ ಮೂರು ಗಂಟೆಗೆ ತಾವೇ ಅಪ್‌ಡೇಟ್ ಮಾಡಿಕೊಳ್ಳುತ್ತವೆ. ಇದರಲ್ಲಿ ನೀವೇ ಹೋಗಿ ಗುಂಡಿ ಒತ್ತಬೇಕು. 2019ರ ಓಪನ್‌ವರ್ಟ್ ಹಾಕಿ ಮರೆತುಬಿಟ್ಟ ರೂಟರ್‌ಗೂ ಕಂಪನಿ ಕೈಬಿಟ್ಟ ರೂಟರ್‌ಗೂ ನನ್ನ ಲೆಕ್ಕದಲ್ಲಿ ವ್ಯತ್ಯಾಸ ಇಲ್ಲ.

ತಂತಿಪುರಾಣ · ಸಂಜೆ 6:40

ಒಪ್ಪಿದೆ. ಇನ್ನೂ ಒಂದು ಸೇರಿಸುತ್ತೇನೆ, ನನ್ನ ಪಕ್ಷಕ್ಕೇ ಏಟು ಬಿದ್ದರೂ ಸರಿ. ಆ ಗುಂಡಿ ಒತ್ತುವುದೂ ಪ್ರತಿ ಸಲ ಸಲೀಸಲ್ಲ. ಓಪನ್‌ವರ್ಟ್‌ನ 19.07 ಆವೃತ್ತಿಯಿಂದ 21.02ಕ್ಕೆ ಹೋಗುವಾಗ ಒಳಗಿನ ಸ್ವಿಚ್ ನಡೆಸುವ ರೀತಿಯನ್ನೇ ಬದಲಿಸಿದರು. ಸುಮಾರು ಯಂತ್ರಗಳಲ್ಲಿ ಹಳೆಯ ಸೆಟ್ಟಿಂಗ್ ಉಳಿಸಿಕೊಂಡು ಹೋಗಲು ಆಗಲೇ ಇಲ್ಲ, ಎಲ್ಲ ಅಳಿಸಿ ಮೊದಲಿನಿಂದ ಬರೆಯಬೇಕಾಯಿತು. ನಾನು ಒಂದು ಶನಿವಾರ ಕಳೆದೆ. ನೀವಾಗಿ ಹಾಕಿಕೊಂಡ ಪ್ಯಾಕೇಜ್‌ಗಳೂ ಮಾಮೂಲಿ ಅಪ್‌ಗ್ರೇಡ್‌ನಲ್ಲಿ ಹಾರಿಹೋಗುತ್ತವೆ. ಎಸ್‌ಕ್ಯೂಎಂ ಕೂಡ ಹಾಗೆ ಹಾಕಿಕೊಂಡದ್ದೇ. ಮೇಲೆ ಹೇಳಿದ ಆ ಸರ್ವರ್ ಸೇವೆ ಬಳಸಿದರೆ ಅವನ್ನೂ ಸೇರಿಸಿ ಕಟ್ಟಿಕೊಡುತ್ತದೆ, 24.10ರ ಮೇಲೆ ಅದು ಇನ್ನೂ ಸುಲಭ. ಆದರೂ ಅದನ್ನು ಬಳಸಬೇಕು ಅನ್ನುವುದು ಗೊತ್ತಿರಬೇಕಲ್ಲ.

ಹಳೇರೂಟರ್ · ರಾತ್ರಿ 9:50

ಇಷ್ಟು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಹೇಳಿದ್ದೆಲ್ಲ ಮಾಡಿದೆ.

ರೂಟರ್ ತಿರುಗಿಸಿ ನೋಡಿದೆ. ಪಟ್ಟಿಯಲ್ಲಿ ಇದೆ, ಅದೇ ಆವೃತ್ತಿಯೂ ಇದೆ (ಸುಮ್ನಿರಿ ಅವರ ಕಥೆ ಓದಿ ಮೂರು ಸಲ ನೋಡಿದೆ). ಚಿಪ್ ಮೀಡಿಯಾಟೆಕ್ ಎಂಟಿ7621. ಫ್ಲ್ಯಾಶ್ 16, ರ್‍ಯಾಮ್ 128.

ಪಿಂಗ್ ಲೆಕ್ಕ. ಸುಮ್ಮನಿದ್ದಾಗ 14 ಮಿಲಿಸೆಕೆಂಡ್. ಡೌನ್‌ಲೋಡ್ ಹಾಕಿದಾಗ 70-80. ಅಪ್‌ಲೋಡ್ ಹಾಕಿದಾಗ 640. ಒಮ್ಮೆ 900 ದಾಟಿತು. ನಂಬಲಾಗದೆ ಅಪ್‌ಲೋಡ್ ನಿಲ್ಲಿಸಿದೆ, ಎರಡೇ ಸೆಕೆಂಡಿನಲ್ಲಿ ಮತ್ತೆ 14. ಹಾಕಿದೆ, 640. ಆಟ ಆಡಿದ ಹಾಗೆ ನಾಲ್ಕು ಸಲ ಮಾಡಿದೆ. ಇಷ್ಟು ದಿನ ನಾನು ವಿಡಿಯೋ ಕಾಲ್‌ನ ಆ್ಯಪ್ ಅನ್ನು ಬೈಯುತ್ತಿದ್ದೆ.

ಲೈನ್ ಡೌನ್‌ಲೋಡ್ 100 ಎಂಬಿಪಿಎಸ್, ಅಪ್‌ಲೋಡ್ 20.

ಪ್ಯಾಕೆಟ್‌ಪಕ್ಕಿ · ರಾತ್ರಿ 10:08

640! ಪುಸ್ತಕದಲ್ಲಿ ಹಾಕುವ ಹಾಗಿದೆ.

ನಿಮ್ಮ ಲೈನ್‌ಗೆ ಆ ಚಿಪ್ ಸಾಕು. ಇದನ್ನು ಹೇಳಲೇಬೇಕು, ಯಾಕೆಂದರೆ ಹೆಚ್ಚಿನವರು ಇಲ್ಲೇ ಎಡವುತ್ತಾರೆ. ಕಂಪನಿಯ ಫರ್ಮ್‌ವೇರ್‌ನಲ್ಲಿ ಪ್ಯಾಕೆಟ್‌ಗಳನ್ನು ದಾಟಿಸುವ ಕೆಲಸವನ್ನು ಚಿಪ್‌ನಲ್ಲಿರುವ ಬೇರೆ ಭಾಗ ಮಾಡುತ್ತದೆ, ಮುಖ್ಯ ಪ್ರೊಸೆಸರ್‌ಗೆ ಕೆಲಸವೇ ಇರುವುದಿಲ್ಲ. ಎಸ್‌ಕ್ಯೂಎಂ ಹಾಕಿದರೆ ಒಂದೊಂದು ಪ್ಯಾಕೆಟ್ಟೂ ಪ್ರೊಸೆಸರ್ ಕೈ ದಾಟಿಯೇ ಹೋಗಬೇಕು. ಎಂಟಿ7621 880 ಮೆಗಾಹರ್ಟ್ಸ್‌ನ ಹಳೆಯ ಎಂಐಪಿಎಸ್ ಚಿಪ್. ಇನ್ನೂರು ಮುನ್ನೂರು ಎಂಬಿಪಿಎಸ್ ಹತ್ತಿರ ಅದಕ್ಕೆ ಏದುಸಿರು ಬರುತ್ತದೆ. ಗಿಗಾಬಿಟ್ ಲೈನ್ ಇರುವವರು ಇದೇ ರೂಟರ್‌ಗೆ ಹಾಕಿ "ಓಪನ್‌ವರ್ಟ್ ಹಾಕಿದ ಮೇಲೆ ನೆಟ್ ನಿಧಾನ ಆಯಿತು" ಅಂತ ಬಂದು ಅಳುತ್ತಾರೆ. ಅವರು ಹೇಳುವುದು ನಿಜವೇ. ನಿಮ್ಮ 100ಕ್ಕೆ ಚಿಂತೆ ಇಲ್ಲ.

ಮಧ್ಯದಾರಿ · ಸೋಮವಾರ, ಬೆಳಿಗ್ಗೆ 7:55

ರೂಟರ್ ಬದಲಿಸುವವರಿಗೆ ಒಂದು ಮಾತು. ಹಾಕುವುದು, ಬಿಡುವುದು ಅಂತ ಎರಡೇ ದಾರಿ ಅಲ್ಲ. ಏಸಸ್ ರೂಟರ್ ಇದ್ದರೆ ಮರ್ಲಿನ್ ಇದೆ. ಕಂಪನಿಯದೇ ಫರ್ಮ್‌ವೇರ್, ಮೇಲೆ ಒಬ್ಬರು ತಿದ್ದಿ ತೀಡಿದ್ದು. ನೋಟ ಬದಲಾಗುವುದಿಲ್ಲ, ವೈಫೈ ವೇಗವೂ ಹೋಗುವುದಿಲ್ಲ, ಬೇಡ ಅನ್ನಿಸಿದರೆ ವಾಪಸ್ ಹೋಗುವುದೂ ಸುಲಭ. ಜಿಎಲ್-ಐನೆಟ್ ರೂಟರ್‌ಗಳು ಅಂಗಡಿಯಿಂದ ಬರುವಾಗಲೇ ಓಪನ್‌ವರ್ಟ್ ಮೇಲೆ ಕಟ್ಟಿದ ಫರ್ಮ್‌ವೇರ್ ಇಟ್ಟುಕೊಂಡು ಬರುತ್ತವೆ, ಮೇಲೊಂದು ಸರಳ ಪುಟ, ಬೇಕಾದರೆ ಹಿಂದೆ ಲೂಸಿ, ಅಂದರೆ ಓಪನ್‌ವರ್ಟ್‌ನದೇ ಸೆಟ್ಟಿಂಗ್ ಪುಟ. ಇನ್ನು 2024ರ ನವೆಂಬರಿನಲ್ಲಿ ಓಪನ್‌ವರ್ಟ್‌ನವರೇ ಬನಾನಾ ಪೈ ಜೊತೆ ಸೇರಿ ಓಪನ್‌ವರ್ಟ್ ಒನ್ ಅಂತ ರೂಟರ್ ತಂದರು. 1 ಜಿಬಿ ರ್‍ಯಾಮ್. ಎರಡು ಬೇರೆ ಫ್ಲ್ಯಾಶ್ ಇವೆ. ಒಂದು ಕೆಟ್ಟರೆ ಸ್ವಿಚ್ ತಳ್ಳಿ ಇನ್ನೊಂದರಿಂದ ಎಬ್ಬಿಸಬಹುದು. ಸುಮ್ನಿರಿ ಅವರ ರೀಫಿಲ್ ರಾತ್ರಿ ಅದರಲ್ಲಿ ಬರುವುದಿಲ್ಲ.

ಇನ್ನೊಂದು. ಇಂಟರ್‌ನೆಟ್ ಕೊಡುವವರು ಕೊಟ್ಟ ಡಬ್ಬದಲ್ಲೇ ಮನೆ ಫೋನ್, ಟಿವಿ ಎಲ್ಲ ಇದ್ದರೆ ಅದರ ಫರ್ಮ್‌ವೇರ್ ಮುಟ್ಟಲು ಹೋಗಬೇಡಿ. ಅದನ್ನು ಬ್ರಿಡ್ಜ್ ಮೋಡ್‌ಗೆ (ಬರೀ ಮೋಡೆಮ್ ಆಗಿ) ಹಾಕಿ, ಹಿಂದೆ ನಿಮ್ಮ ರೂಟರ್ ಇಡಿ.

ಸುಮ್ನಿರಿ · ಬೆಳಿಗ್ಗೆ 9:10

640 ನೋಡಿದ ಮೇಲೆ ನಾನೂ ಸ್ವಲ್ಪ ಮೆತ್ತಗಾದೆ. ಇವರಿಗೆ ನಿಜವಾದ ನೋವಿದೆ, ಅಳತೆ ಇದೆ, ಚಿಪ್ ಸರಿಯಿದೆ. ಹಾಕಲಿ.

ಆದರೂ ಒಂದು ಕೇಳುತ್ತೇನೆ. ನೀವು ಒಂದು ವಾರ ಊರಲ್ಲಿ ಇಲ್ಲ ಅಂದುಕೊಳ್ಳಿ. ಮನೆಯಲ್ಲಿ ನೆಟ್ ಹೋಯಿತು. ಇಂಟರ್‌ನೆಟ್ ಕಂಪನಿಗೆ ಫೋನ್ ಮಾಡಿದರೆ ಅವರು "ರೂಟರ್ ಪುಟ ತೆರೆಯಿರಿ, ಎಡಗಡೆ ಮೂರನೇ ಗುಂಡಿ ಒತ್ತಿ" ಅನ್ನುತ್ತಾರೆ. ಎಡಗಡೆ ಮೂರನೇ ಗುಂಡಿ ಇರುವುದಿಲ್ಲ. "ಇದು ನಮ್ಮ ಫರ್ಮ್‌ವೇರ್ ಅಲ್ಲ" ಅಂತ ಫೋನ್ ಇಡುತ್ತಾರೆ. ಆಗ ಮನೆಯವರು ಯಾರನ್ನು ಕೇಳಬೇಕು?

ನನ್ನ ತಕರಾರು ಇದೊಂದೇ. ಓಪನ್‌ವರ್ಟ್ ಕೆಟ್ಟದ್ದು ಅಂತ ನಾನು ಯಾವತ್ತೂ ಹೇಳಿಲ್ಲ, ನಮ್ಮ ಮನೆಯಲ್ಲೂ ಓಡುತ್ತಿರುವುದು ಅದೇ. (ಹೌದು. ಆ ರಾತ್ರಿ ಎರಡು ಮುಕ್ಕಾಲಿಗೆ ಎದ್ದದ್ದು ಇನ್ನೂ ನಿಂತಿಲ್ಲ.) ಆದರೆ ಹಾಕಿದ ದಿನದಿಂದ ಆ ಮನೆಗೆ ಒಬ್ಬ ನೆಟ್‌ವರ್ಕ್ ಉಸ್ತುವಾರಿ ಬೇಕು, ಅದು ನೀವೇ. ರಜೆಯೂ ಇಲ್ಲ, ರಾಜೀನಾಮೆಯೂ ಇಲ್ಲ. ಅದಕ್ಕೇ ನೆಂಟರ ಮನೆಗೆ, ಗೆಳೆಯರ ಮನೆಗೆ ನಾನು ಹಾಕಿಕೊಡುವುದಿಲ್ಲ. ಒಬ್ಬರಿಗೆ ಹಾಕಿಕೊಟ್ಟಿದ್ದೆ. ಆಮೇಲೆ ಅವರ ಪ್ರಿಂಟರ್ ಕೆಟ್ಟರೂ ನನಗೇ ಫೋನ್.

ತಂತಿಪುರಾಣ · ಬೆಳಿಗ್ಗೆ 9:32

ತಮ್ಮ ಮನೆಯಲ್ಲೇ ಓಡಿಸಿಕೊಂಡು ಎರಡು ದಿನದಿಂದ ಇರುವೆ ಅಂತಿದ್ದರು ನೋಡಿ!

ಹಳೇರೂಟರ್, ಹಾಕುವುದಾದರೆ ಹೀಗೆ ಮಾಡಿ. ಕೆಲಸದ ದಿನ ಬೇಡ, ರಾತ್ರಿಯಂತೂ ಬೇಡವೇ ಬೇಡ. ಈಗಿನ ರೂಟರ್ ಪುಟದಲ್ಲಿ ಇರುವುದನ್ನೆಲ್ಲ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಮುಖ್ಯವಾಗಿ ಪಿಪಿಪಿಒಇ (ಇಂಟರ್‌ನೆಟ್ ಕಂಪನಿಗೆ ಲಾಗಿನ್ ಆಗುವ) ಹೆಸರು, ಪಾಸ್‌ವರ್ಡ್, ವಿಎಲ್ಯಾನ್ ಸಂಖ್ಯೆ ಇದ್ದರೆ ಅದು. ಪಾಸ್‌ವರ್ಡ್ ಚುಕ್ಕಿಗಳಾಗಿ ಕಾಣುತ್ತದೆ, ಫೋಟೋ ಪ್ರಯೋಜನಕ್ಕೆ ಬಾರದು, ಇಂಟರ್‌ನೆಟ್ ಕಂಪನಿಯವರಿಂದ ಮೊದಲೇ ಕೇಳಿ ಬರೆದುಕೊಳ್ಳಿ. ಹಾಕುವ ಕಡತದ ಜೊತೆಗೇ ಕಂಪನಿಯ ಹಳೆಯ ಫರ್ಮ್‌ವೇರ್, ವಾಪಸ್ ಹೋಗುವ ವಿಧಾನದ ಪುಟ, ಟಿಎಫ್‌ಟಿಪಿ ತಂತ್ರಾಂಶ, ಎಲ್ಲ ಲ್ಯಾಪ್‌ಟಾಪ್‌ನಲ್ಲಿ ಇಳಿಸಿಟ್ಟಿರಿ. ನೆಟ್ ಹೋದ ಮೇಲೆ ನೆಟ್ ಸರಿಮಾಡುವುದು ಹೇಗೆ ಅಂತ ನೆಟ್‌ನಲ್ಲಿ ಹುಡುಕಲಾಗದು. ಕಡತದ ಹ್ಯಾಶ್ ತಾಳೆ ನೋಡಿ. ವೈಫೈ ಮೇಲೆ ಹಾಕಬೇಡಿ, ತಂತಿ ಸೇರಿಸಿ. ನಡುವೆ ಕರೆಂಟ್ ಹೋಗಬಾರದು. ಹಾಕಿದ ಮೇಲೆ ಐದು ನಿಮಿಷ ಕೈ ಕಟ್ಟಿ ಕೂರಿ. ದೀಪ ಮಿನುಗುತ್ತಿಲ್ಲ ಅಂತ ಪ್ಲಗ್ ಕೀಳುವುದು ಎಲ್ಲಕ್ಕಿಂತ ದೊಡ್ಡ ತಪ್ಪು.

ಎಲ್ಲ ಮುಗಿದ ಮೇಲೆ ಆಸೆ ಬೀಳಬೇಡಿ. ಎಸ್‌ಕ್ಯೂಎಂ ಹಾಕಿ, ಪಾಸ್‌ವರ್ಡ್ ಹಾಕಿ, ಎದ್ದು ಬನ್ನಿ. ಮೊದಲ ತಿಂಗಳು ಬೇರೇನೂ ಬೇಡ. ಪ್ಯಾಕೇಜ್ ಪಟ್ಟಿ ತೆರೆದರೆ ಸಾವಿರಾರು ಇವೆ, ಜಾತ್ರೆ ಅದು, ಒಮ್ಮೆ ಒಳಗೆ ಹೋದರೆ ಸಂಜೆಯಾದರೂ ಬರುವುದಿಲ್ಲ.

ಹಳೇರೂಟರ್ · ಎರಡನೇ ಭಾನುವಾರ, ಸಂಜೆ 5:26

ಹಾಕಿದೆ.

ಹಾಕುವ ಕೆಲಸ ಏಳು ನಿಮಿಷದಲ್ಲಿ ಮುಗಿಯಿತು. ಭಯಪಟ್ಟದ್ದೆಲ್ಲ ದಂಡ ಅನ್ನಿಸಿತು. ಆಮೇಲೆ ನೋಡಿದರೆ ವೈಫೈಯೇ ಇಲ್ಲ! ಕೆಟ್ಟೇ ಹೋಯಿತು ಅಂದುಕೊಂಡೆ. ಓಪನ್‌ವರ್ಟ್ ಹಾಕಿದಾಗ ವೈಫೈ ಆರಿಯೇ ಇರುತ್ತದಂತೆ, ನಾವೇ ಹಚ್ಚಬೇಕಂತೆ. ಪಾಸ್‌ವರ್ಡ್ ಇಲ್ಲದ ವೈಫೈ ತೆರೆದು ಕೂರಬಾರದು ಅಂತ. ಸರಿಯೇ, ಆದರೆ ಯಾರಾದರೂ ಮೊದಲೇ ಹೇಳಬಾರದಿತ್ತಾ? ತಂತಿ ಹಾಕಿದ್ದರಿಂದ ಬಚಾವಾದೆ.

ಹಚ್ಚಿದೆ. 2.4 ಬಂತು, 5 ಗಿಗಾಹರ್ಟ್ಸ್ ಬರಲಿಲ್ಲ. ಆರಿಸಿದೆ, ಹಚ್ಚಿದೆ, ಚಾನೆಲ್ ಬದಲಿಸಿದೆ, ಮತ್ತೆ ಆರಿಸಿದೆ. ಇಪ್ಪತ್ತು ನಿಮಿಷ ಹೀಗೇ. ನಾನು ಆರಿಸಿಕೊಂಡ ಚಾನೆಲ್ ರಾಡಾರ್‌ಗಳೂ ಬಳಸುವಂಥದ್ದಂತೆ. ಅಲ್ಲಿ ರಾಡಾರ್ ಇಲ್ಲ ಅಂತ 60 ಸೆಕೆಂಡ್ ಕೇಳಿಸಿಕೊಂಡ ಮೇಲೆಯೇ ರೇಡಿಯೋ ಮಾತಾಡುವುದು. ನಾನು ಪ್ರತಿ ಸಲ ನಲವತ್ತನೇ ಸೆಕೆಂಡಿಗೆ ತಾಳ್ಮೆ ಕಳೆದುಕೊಂಡು ಆರಿಸುತ್ತಿದ್ದೆ. ಚಾನೆಲ್ 36ಕ್ಕೆ ಹಾಕಿದೆ, ಕೂಡಲೇ ಬಂತು.

ಎಸ್‌ಕ್ಯೂಎಂನಲ್ಲಿ ಕೇಕ್ ಆಯ್ದುಕೊಂಡು 90 ಮತ್ತು 18 ಅಂತ ಬರೆದೆ. ಪಿಂಗ್ ಬಿಟ್ಟೆ. ಅಪ್‌ಲೋಡ್ ಹಾಕಿದೆ. 14, 15, 19, 17, 21, 16. ಅಪ್‌ಲೋಡ್ ನಿಜವಾಗಿ ನಡೆಯುತ್ತಿದೆಯಾ ಅಂತ ಅನುಮಾನ ಬಂತು, ಹೋಗಿ ನೋಡಿದೆ, ನಡೆಯುತ್ತಿತ್ತು. ಗುರುವಾರ ಒಂದು ಗಂಟೆಯ ಕಾಲ್ ಇತ್ತು. ಆಗಲೇ ಮಗಳು ಪ್ರವಾಸದ ಫೋಟೋಗಳನ್ನೆಲ್ಲ ಏರಿಸುತ್ತಿದ್ದಳು ಅಂತ ಆಮೇಲೆ ಗೊತ್ತಾಯಿತು. ಕಾಲ್‌ನಲ್ಲಿ ಯಾರ ಬಾಯಿಯೂ ತೆರೆದು ನಿಲ್ಲಲಿಲ್ಲ.

ಕಳೆದುಕೊಂಡದ್ದೂ ಇದೆ. ಫೋನಿನಲ್ಲಿದ್ದ ರೂಟರ್ ಆ್ಯಪ್ ಈಗ ದಂಡ. ನನ್ನ ಹೆಂಡತಿ ಅದರಲ್ಲೇ ಮಗನ ಟ್ಯಾಬ್‌ಗೆ ರಾತ್ರಿ ಒಂಬತ್ತರ ಮೇಲೆ ನೆಟ್ ನಿಲ್ಲಿಸುತ್ತಿದ್ದಳು, ಒಂದು ಗುಂಡಿ. ಈಗ ಅದಕ್ಕೆ ಫೈರ್‌ವಾಲ್‌ನಲ್ಲಿ ನಿಯಮ ಬರೆಯಬೇಕು. ಬರೆದುಕೊಟ್ಟೆ. ಆದರೆ ಹಬ್ಬ, ರಜೆ ಬಂದಾಗ ಒಂದು ದಿನಕ್ಕೆ ಮಾತ್ರ ಬಿಡಬೇಕು ಅಂದರೆ ಅವಳು ನನ್ನನ್ನು ಕರೆಯಬೇಕು. ಇದು ಅವಳಿಗೆ ಇಷ್ಟ ಆಗಿಲ್ಲ, ನ್ಯಾಯವೇ. ಮಗನಿಗೂ ಒಂದು ದಿನ ಸಂಭ್ರಮ, ಟ್ಯಾಬಿನ ಗಡಿಯಾರ ಹನ್ನೊಂದು ತೋರಿಸುತ್ತಿದ್ದರೂ ನೆಟ್ ಇತ್ತು. ನಾನು ರೂಟರ್‌ನಲ್ಲಿ ಸಮಯವಲಯ ಬದಲಿಸುವುದನ್ನು ಮರೆತಿದ್ದೆ.

ಮಧ್ಯದಾರಿ · ಸಂಜೆ 5:40

ಆ ಆ್ಯಪ್ ಹೋಗುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ನೋಡಿ. ನಮ್ಮ ಮನೆಯಲ್ಲಿ ಮರ್ಲಿನ್‌ಗೆ ನಿಂತದ್ದು ಅದಕ್ಕೇ.

ಸುಮ್ನಿರಿ · ಸಂಜೆ 6:02

ಅಭಿನಂದನೆ. ನೀವು ಊರಲ್ಲಿ ಇಲ್ಲದಾಗ?

ಹಳೇರೂಟರ್ · ಸಂಜೆ 6:19

ಅದಕ್ಕೂ ಒಂದು ಮಾಡಿದೆ. ಅಟ್ಟದಲ್ಲಿ ಇದಕ್ಕೂ ಹಿಂದಿನ ರೂಟರ್ ಬಿದ್ದಿತ್ತು. ಅದನ್ನು ಕಂಪನಿಯ ಫರ್ಮ್‌ವೇರ್‌ನಲ್ಲೇ ಸಿದ್ಧ ಮಾಡಿ, ಅದೇ ವೈಫೈ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟು ಪಕ್ಕದಲ್ಲೇ ಇಟ್ಟಿದ್ದೇನೆ. ಮೇಲೆ ಚೀಟಿ ಅಂಟಿಸಿದ್ದೇನೆ: "ನೆಟ್ ಹೋದರೆ ಹಳದಿ ತಂತಿ ಇದಕ್ಕೆ ಚುಚ್ಚಿ, ಕರೆಂಟ್ ಹಾಕಿ." ಹೆಂಡತಿಯಿಂದ ಒಮ್ಮೆ ಮಾಡಿಸಿಯೂ ನೋಡಿದೆ. ಮೂರು ನಿಮಿಷ ಹಿಡಿಯಿತು.

ಪ್ಯಾಕೆಟ್‌ಪಕ್ಕಿ · ಸಂಜೆ 6:25

ಇದು ನನಗೂ ಹೊಳೆದಿರಲಿಲ್ಲ.

ನೋಡ್ತಾ_ಇರ್ತೀನಿ · ಸಂಜೆ 6:31

ಅಟ್ಟದ ಆ ರೂಟರ್‌ಗೆ ಕೊನೆಯ ಅಪ್‌ಡೇಟ್ ಯಾವಾಗ ಬಂದದ್ದು?

ಹಳೇರೂಟರ್ · ಸಂಜೆ 6:33

ಕೇಳಬೇಡಿ.

ಸುಮ್ನಿರಿ · ಸಂಜೆ 6:50

ಒಂದು ವಾರದ ಮಟ್ಟಿಗೆ ಮಾಫಿ. ಈಗ ಗೆಳೆಯರು "ನಮಗೂ ಹಾಕಿಕೊಡು" ಅಂದರೆ ಏನು ಹೇಳುತ್ತೀರಿ?

ಹಳೇರೂಟರ್ · ಸಂಜೆ 7:04

ನಿನ್ನೆಯೇ ಒಬ್ಬರು ಕೇಳಿದರು. ಅಪ್‌ಲೋಡ್ ಹಾಕಿ ಪಿಂಗ್ ನೋಡಿ ಅಂದೆ. ಅವರದು 30 ದಾಟಲಿಲ್ಲ. ರೂಟರ್‌ಗೆ ಹೋದ ತಿಂಗಳೇ ಅಪ್‌ಡೇಟ್ ಬಂದಿದೆ. ನಿಮಗೆ ಬೇಡ ಅಂದೆ. ಬೀರುವಿನ ಹಿಂದೆ ಇಟ್ಟಿದ್ದರು, ಹೊರಗೆ ತೆಗೆಸಿ ಬಂದೆ.